ಹೆಸರು ಮುಚ್ಚಿಟ್ಟು ಕೇಳಿ ಮಾಷ್ಟ್ರೇ

ಮಾಷ್ಟ್ರೇ, ನಿಮ್ಮ ಪೋಸ್ಟ್ ನಿನ್ನೆ ರಾತ್ರಿಯೇ ನೋಡಿದೆ. ಹಳೇ ಯಕ್ಷಗಾನ ಆಟದ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡಿದ್ದೀರಿ. ಒಂದೇ ಪದ್ಯವನ್ನು ಎಂಪಿ3 128, ಎಂಪಿ3 320, ಫ್ಲ್ಯಾಕ್ ಅಂತ ಮೂರು ನಮೂನೆ ಮಾಡಿ ಕೇಳಿದ್ದೀರಿ. ಎಂಪಿ3 ಅಂದ್ರೆ ಧ್ವನಿಯ ಸ್ವಲ್ಪ ಭಾಗ ಬಿಟ್ಟು ಹಿಂಡಿದ ಫೈಲ್, 128, 320 ಅನ್ನುವುದು ಸೆಕೆಂಡಿಗೆ ಎಷ್ಟು ಕಿಲೋಬಿಟ್ ಅಂತ. ಫ್ಲ್ಯಾಕ್ ಅಂದ್ರೆ ಏನೂ ಕಳೆಯದೆ ಕುಗ್ಗಿಸಿದ್ದು. 128 ಸಪ್ಪೆ, 320ರಲ್ಲಿ ಭಾಗವತರ ಸ್ವರ ಬಿಚ್ಚಿಕೊಳ್ತದೆ, ಫ್ಲ್ಯಾಕ್‌ನಲ್ಲಿ ಇನ್ನೂ ಸ್ವಲ್ಪ ತೂಕ ಉಂಟು ಅಂತ ನಿಮ್ಮ ತೀರ್ಮಾನ. ಕೊನೆಗೆ, 320 ಸಾಕಲ್ವಾ, ಹಿಂಡದೆ ಇಟ್ಟ ಮೂಲದ ದೊಡ್ಡ ವೇವ್ ಫೈಲ್ ಅಳಿಸಿಬಿಡ್ಲಾ ಅಂತ ಕೇಳಿದ್ದೀರಿ.

ಅಳಿಸ್ಬೇಡಿ. ಕಾರಣ ಆಮೇಲೆ ಹೇಳ್ತೇನೆ. ಮೊದಲು, ನೀವು ಕೇಳಿದ್ದರಲ್ಲಿ ಕಿವಿಯ ಪಾಲೆಷ್ಟು, ಫೈಲಿನ ಹೆಸರಿನ ಪಾಲೆಷ್ಟು ಅಂತ ನೋಡುವ.

ಬೇಜಾರು ಮಾಡ್ಕೊಳ್ಬೇಡಿ, ನಾನೂ ಅದೇ ಹೊಂಡಕ್ಕೆ ಬಿದ್ದವ. ನಾನೇ ರೆಕಾರ್ಡ್ ಮಾಡಿದ ಒಂದು ಆಟವನ್ನು 192ರ ಎಂಪಿ3 ಮತ್ತು ಫ್ಲ್ಯಾಕ್ ಎರಡೂ ಮಾಡಿ, ವ್ಯತ್ಯಾಸ ಕಣ್ಣಿಗೆ ಹೊಡೆದ ಹಾಗೆ ಉಂಟು ಅಂತ ಮನೆಯಲ್ಲಿ ಕೊಚ್ಚಿಕೊಳ್ತಿದ್ದೆ. ಪಿಯುಸಿ ಓದುವ ಮಗಳಿಗೆ ಕೇಳಿ ಕೇಳಿ ಸಾಕಾಗಿ, "ಅಪ್ಪ, ನೀವು ಆಚೆ ತಿರುಗಿ ಕೂತ್ಕೊಳ್ಳಿ, ನಾನು ಹಾಕ್ತೇನೆ" ಅಂದಳು. ಹದಿನಾರು ಸಲ ಹಾಕಿದಳು, ನಾನು ಹದಿನಾಲ್ಕು ಸರಿ ಹೇಳಿದೆ. ರಂಗಸ್ಥಳದಲ್ಲಿ ಗೆದ್ದ ವೇಷದ ಹಾಗೆ ಎದ್ದು ನಿಂತೆ ನೋಡಿ. ಅವಳು ನಗಾಡ್ಲಿಕ್ಕೆ ಶುರು ಮಾಡಿದಳು. ಫ್ಲ್ಯಾಕ್ ಇದ್ದದ್ದು ಬೇರೆ ಫೋಲ್ಡರಿನಲ್ಲಿ. ಅದನ್ನು ಹಾಕುವಾಗ ಮೌಸ್ ಟಕ್ ಟಕ್ ಅಂತ ಎರಡು ಸಲ ಜಾಸ್ತಿ ಒತ್ತಬೇಕಿತ್ತು. ನಾನು ಅಷ್ಟೊತ್ತು ಕೇಳಿದ್ದು ಚೆಂಡೆಯನ್ನಲ್ಲ, ಮೌಸನ್ನು! ನನಗೆ ಅದರ ಅರಿವೇ ಇರಲಿಲ್ಲ, ಸ್ವರದಲ್ಲೇ ವ್ಯತ್ಯಾಸ ಕೇಳ್ತಾ ಉಂಟು ಅಂತಲೇ ಅನಿಸಿತ್ತು. ಎರಡೂ ಫೈಲನ್ನು ಒಂದೇ ಕಡೆ ಇಟ್ಟು ಮತ್ತೆ ಮಾಡಿದಾಗ ಹದಿನಾರಕ್ಕೆ ಏಳು.

ಹಾಗಾಗಿ ಫೈಲ್ ಹಾಕುವವರಿಗೂ ಯಾವುದು ಯಾವುದೆಂದು ಗೊತ್ತಿರಬಾರದು. ಕಂಪ್ಯೂಟರಿನ ಕೈಗೇ ಕೊಡುವುದು ಒಳ್ಳೆದು. ವಿಂಡೋಸ್‌ನಲ್ಲಿ ಫೂಬಾರ್2000 ಅನ್ನುವ ಪ್ಲೇಯರ್ ಹಾಕಿ, ಅದಕ್ಕೆ ಎಬಿಎಕ್ಸ್ ಕಂಪ್ಯಾರೇಟರ್ ಅನ್ನುವ ಬಿಡಿಭಾಗ ಬೇರೆ ಇಳಿಸಿಕೊಳ್ಳಬೇಕು. ಎರಡು ಫೈಲ್ ಕೊಟ್ಟರೆ ಒಂದು ಎ, ಇನ್ನೊಂದು ಬಿ. ಎಕ್ಸ್ ಅಂದ್ರೆ ಆ ಎರಡರಲ್ಲಿ ಒಂದು, ಯಾವುದೆಂದು ಅದು ಹೇಳುವುದಿಲ್ಲ. ಎಕ್ಸ್ ಎ ಯೋ ಬಿ ಯೋ ಅಂತ ನೀವು ಹೇಳಬೇಕು. ಇದೆಂತ ಹೊಸ ಉಪಾಯ ಅಲ್ಲ, ಅಮೆರಿಕದ ಬೆಲ್ ಲ್ಯಾಬ್ಸ್‌ನವರು 1950ರಲ್ಲೇ ಕಿವಿಯ ಪರೀಕ್ಷೆಗೆ ಎಬಿಎಕ್ಸ್ ಪದ್ಧತಿಯನ್ನು ಬರೆದಿಟ್ಟಿದ್ದಾರೆ.

ಎಷ್ಟು ಸಲ ಅಂತ ಮೊದಲೇ ನಿಶ್ಚಯ ಮಾಡಿ, ಹದಿನಾರು ಅಂದ್ರೆ ಹದಿನಾರು. ಮಧ್ಯದಲ್ಲಿ ಅಂಕ ನೋಡ್ಬೇಡಿ. ಚೆನ್ನಾಗಿ ಬರುವಾಗ ನಿಲ್ಲಿಸುವುದು, ಕೆಟ್ಟಾಗ "ಇನ್ನೊಂದು ನಾಲ್ಕು ಆಗ್ಲಿ" ಅನ್ನುವುದು, ಎರಡೂ ನಮಗೆ ನಾವೇ ಹಾಕುವ ಟೋಪಿ. ಕಣ್ಣು ಮುಚ್ಚಿ ಸುಮ್ಮನೆ ಹೇಳಿಕೊಂಡು ಹೋದ್ರೂ ಹದಿನಾರಕ್ಕೆ ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಉಂಟು. ಹಾಗಾಗಿ ಹನ್ನೆರಡು ಬಂದ್ರೆ ಎಂತದೋ ಕೇಳ್ತಾ ಉಂಟು ಅಂತ ಲೆಕ್ಕ. ಒಂಬತ್ತು ಬಂದ್ರೆ ಎರಡೂ ಫೈಲ್ ಒಂದೇ ಅಂತ ಆಗುವುದಿಲ್ಲ, ಆ ದಿನ, ಆ ಹೆಡ್‌ಫೋನಿನಲ್ಲಿ, ಆ ತುಂಡಿನಲ್ಲಿ ನಿಮಗೆ ಸಿಕ್ಕಲಿಲ್ಲ, ಅಷ್ಟೇ.

ಇನ್ನು ಜೋರಿನ ವಿಷಯ. ನಿಮ್ಮ "ತೂಕ" ಇಲ್ಲಿಂದಲೇ ಬಂದಿರ್ಬಹುದು ಅಂತ ನನ್ನ ಸಂಶಯ. ಒಂದು ಫೈಲ್ ಇನ್ನೊಂದಕ್ಕಿಂತ ಅರ್ಧ ಡೆಸಿಬೆಲ್ ಜೋರಿದ್ದರೆ ಕಿವಿಗೆ ಅದು ಜೋರು ಅಂತ ಗೊತ್ತಾಗುವುದಿಲ್ಲ, ಚಂದ ಅಂತ ಗೊತ್ತಾಗ್ತದೆ. ಒಂದನ್ನು ಮಾಡುವಾಗ ನಾರ್ಮಲೈಸ್ (ಜೋರನ್ನು ತಾನೇ ಹೊಂದಿಸುವ ಆಯ್ಕೆ) ಟಿಕ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ ಅಂದ್ರೆ ಕಥೆ ಮುಗಿಯಿತು. ಮೂರನ್ನೂ ಒಂದೇ ವೇವ್ ಫೈಲಿನಿಂದ ಮಾಡಿ, 0.1 ಡೆಸಿಬೆಲ್‌ನೊಳಗೆ ಸರಿದೂಗಿಸಿ. ಚೆಂಡೆಯ ಪೆಟ್ಟು ಮೀಟರಿನ ತುದಿ ಮುಟ್ಟುತ್ತಿದ್ದರೆ ಎಂಪಿ3 ಮಾಡುವ ಮೊದಲೇ ವೇವ್ ಫೈಲನ್ನು ಮೂರು ಡೆಸಿಬೆಲ್ ತಗ್ಗಿಸಿ. ಎಂಪಿ3 ಬಿಚ್ಚುವಾಗ ಪೆಟ್ಟಿನ ತುದಿ ಮೂಲಕ್ಕಿಂತ ಮೇಲೆ ಏರಿ ಒಡೆಯುವುದುಂಟು. ಆಗ ನೀವು ಹಿಡಿಯುವುದು ಒಡಕನ್ನು, ಕಂಪ್ರೆಶನ್ನನ್ನು, ಅಂದ್ರೆ ಹಿಂಡಿದ್ದನ್ನು, ಅಲ್ಲ.

ಎಂಪಿ3 ಫೈಲಿನ ಎದುರಿಗೆ ಚೂರು ಮೌನ ಸೇರಿಕೊಳ್ತದೆ, ಸುಮಾರು 25 ಮಿಲಿಸೆಕೆಂಡು. ಕೆಲವು ಪ್ಲೇಯರ್ ಅದನ್ನು ಕತ್ತರಿಸ್ತವೆ, ಕೆಲವು ಇಲ್ಲ. ಎ ಯಿಂದ ಬಿ ಗೆ ಹಾರುವಾಗ ತಾಳ ಒಂದು ಕೂದಲೆಳೆ ಜಾರಿದ್ರೆ, ಆಟ ನೋಡಿ ಬೆಳೆದ ನಮ್ಮ ಕಿವಿ ಅದನ್ನು ಹಿಡಿದೇ ಹಿಡೀತದೆ. ಎಂಪಿ3 ಯನ್ನು ವಾಪಸ್ ವೇವ್ ಮಾಡಿ, ಆಡಾಸಿಟಿ ಅನ್ನುವ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಮೊದಲ ಪೆಟ್ಟನ್ನು ದೊಡ್ಡದು ಮಾಡಿ ನೋಡಿ, ಎರಡನ್ನೂ ಸಾಲಿಗೆ ತನ್ನಿ.

ನಿಮ್ಮ ಬ್ಲೂಟೂತ್ ಹೆಡ್‌ಫೋನ್ ಪಕ್ಕಕ್ಕಿಡಿ ಮಾರಾಯ್ರೆ. ಅದು ಸಾಮಾನ್ಯವಾಗಿ ಎಂತ ಕೊಟ್ಟರೂ ತನ್ನದೇ ಲೆಕ್ಕದಲ್ಲಿ ಇನ್ನೊಮ್ಮೆ ಹಿಂಡಿ ಕೇಳಿಸ್ತದೆ. ವಯರಿನದ್ದು ಬೇಕು. ಮತ್ತೆ ಫ್ಯಾನ್ ಆಫ್ ಮಾಡಿ. ಈ ಆಟಿ ತಿಂಗಳಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ಇದನ್ನೆಲ್ಲ ಮಾಡ್ಲಿಕ್ಕೆ ಹೋದ್ರೆ ದೇವರೇ ಗತಿ.

ಎಲ್ಲಿ ಕಿವಿ ಕೊಡುವುದು? ಭಾಗವತರ ಸ್ವರದಲ್ಲಿ ಹುಡುಕ್ಬೇಡಿ, ಚೆಂಡೆಯಲ್ಲಿ ಹುಡುಕಿ. ಎಂಪಿ3 ಧ್ವನಿಯನ್ನು ಸುಮಾರು 26 ಮಿಲಿಸೆಕೆಂಡಿನ ಕಿಟಕಿಯಲ್ಲಿ ನೋಡಿ ಹಿಂಡ್ತದೆ. ಹಿಂಡುವಾಗ ಆಗುವ ಗಲೀಜು ಆ ಇಡೀ ಕಿಟಕಿಗೆ ಹರಡ್ತದೆ. ಕಿಟಕಿಯ ಕೊನೆಗೆ ಚೆಂಡೆಯ ಒಂದು ಪೆಟ್ಟು ಬಿದ್ದರೆ, ಅದರ ಮುಂಚಿನ ಮೌನದಲ್ಲೂ ಗಲೀಜು ಸೇರ್ತದೆ. ಪೆಟ್ಟು ಬೀಳುವ ಮೊದಲೇ "ಶ್" ಅಂತ ಸಣ್ಣ ಉಸಿರು ಕೇಳ್ತದೆ, ಪೆಟ್ಟಿನ ಮೊನೆ ಮೊಂಡಾಗ್ತದೆ. ಇದನ್ನು ತಪ್ಪಿಸ್ಲಿಕ್ಕೆ ಎಂಪಿ3 ಯಲ್ಲಿ ಸಣ್ಣ ಕಿಟಕಿಯೂ ಉಂಟು, ಆದರೆ 128ರಲ್ಲಿ ಅದಕ್ಕೆ ಬೇಕಾದಷ್ಟು ಬಿಟ್ ಉಳಿದಿರುವುದಿಲ್ಲ. ಪರದೇಶದವರು ಈ ಪರೀಕ್ಷೆಗೆ ಕ್ಯಾಸ್ಟನೆಟ್ ಅನ್ನುವ ಮರದ ಚಿಟಿಕೆ ಬಳಸ್ತಾರೆ, ನಮಗೆ ಚೆಂಡೆಯೇ ಉಂಟಲ್ಲ. ಲೋಹದ ಚಕ್ರತಾಳವೂ ಒಳ್ಳೆದು, ಅದರ ಕಿಣಿಕಿಣಿ ನೀರಿನಡಿಗೆ ಹೋದ ಹಾಗೆ ಆಗ್ತದೆ. ಆದರೆ ಕ್ಯಾಸೆಟ್ಟಿನ ಸುಯ್ ಶಬ್ದ ಇದನ್ನೆಲ್ಲ ಮುಚ್ಚಿಬಿಡ್ತದೆ. ಪರೀಕ್ಷೆಗೆ ಈಚೆಗೆ ಡಿಜಿಟಲ್‌ನಲ್ಲಿ ಮಾಡಿದ ರೆಕಾರ್ಡಿಂಗ್ ತಗೊಳ್ಳಿ. ಐದಾರು ಸೆಕೆಂಡಿನ ತುಂಡು ಸಾಕು.

ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಬರೆದಿದ್ದಾರೆ, ಫ್ಲ್ಯಾಕ್‌ನಿಂದ ಎಂಪಿ3 ಯನ್ನು ಕಳೆದು ಉಳಿದದ್ದನ್ನು ಕೇಳಿ, ಎಷ್ಟು ಹಾಳಾಗಿದೆ ಗೊತ್ತಾಗ್ತದೆ ಅಂತ. ಹಾಗೆ ಉಳಿದದ್ದು ಕೇಳ್ಲಿಕ್ಕೆ ಭಯಂಕರವೇ, ಆದರೆ ಪದ್ಯದ ಅಡಿಗೆ ಇರುವಾಗ ಅದು ಕಿವಿಗೆ ಬೀಳದ ಹಾಗೆ ಅಡಗಿಸುವುದೇ ಎಂಪಿ3 ಯ ಕಸುಬು. ಯಾವ ಸ್ವರ ಎಷ್ಟು ಉಂಟು ಅಂತ ತೋರಿಸುವ ಸ್ಪೆಕ್ಟ್ರಮ್ ಚಿತ್ರವನ್ನೂ ಮೊದಲು ನೋಡ್ಬೇಡಿ. 16 ಕಿಲೋಹರ್ಟ್ಸ್‌ಗಿಂತ ಮೇಲಿನ ತೀಕ್ಷ್ಣ ಧ್ವನಿಯನ್ನು ಕತ್ತರಿಸಿದ್ದನ್ನು ಕಣ್ಣು ಕಂಡಿತೋ, ಕಿವಿ ಕೂಡಲೇ ಹೌದು ಹೌದು ಅನ್ನುತ್ತದೆ.

ಈಗ ವೇವ್ ಅಳಿಸುವ ವಿಷಯ. ಕಿವಿಯ ಪರೀಕ್ಷೆ ಇರುವುದು ಹಂಚುವ ಪ್ರತಿಗೆ. ಮೂಲಕ್ಕೆ ಅದು ಬೇಡ. 320ರಲ್ಲಿ ನಿಮಗೆ ವ್ಯತ್ಯಾಸ ಸಿಕ್ಕದಿದ್ದರೂ, ನಾಳೆ ಸುಯ್ ಶಬ್ದ ತೆಗೀಬೇಕು, ಇನ್ನೊಂದು ಫಾರ್ಮ್ಯಾಟಿಗೆ ಹೋಗ್ಬೇಕು ಅಂದ್ರೆ ಹಿಂಡಿದ್ದನ್ನೇ ಮತ್ತೆ ಹಿಂಡಿದ ಹಾಗೆ ಆಗ್ತದೆ. ಓಪಸ್ ಅನ್ನುವ ಫಾರ್ಮ್ಯಾಟ್ ಬಂದದ್ದೇ 2012ರಲ್ಲಿ, ಮುಂದೆ ಇನ್ನೊಂದು ಬರ್ತದೆ. ಸಿಡಿ ಗುಣಮಟ್ಟದ ವೇವ್ ಗಂಟೆಗೆ ಸುಮಾರು 635 ಎಂಬಿ, ಆರು ಗಂಟೆಯ ಆಟಕ್ಕೆ ನಾಲ್ಕು ಜಿಬಿ ಸಹ ಆಗುವುದಿಲ್ಲ. ಫ್ಲ್ಯಾಕ್ ಮಾಡಿದ್ರೆ ಒಂದು ಬಿಟ್ ಸಹ ಕಳೆಯದೆ ಇನ್ನೂ ಕಡಿಮೆ. ಸುಯ್ ಶಬ್ದ ಇರುವ ಕ್ಯಾಸೆಟ್ಟು ಹೆಚ್ಚು ಕುಗ್ಗುವುದಿಲ್ಲ, ಅದು ಬೇರೆ. ಫ್ಲ್ಯಾಕ್ ಮಾಡಿ ಎರಡು ಕಡೆ ಇಟ್ಟ ಮೇಲೆ ವೇವ್ ಬೇಕಾದ್ರೆ ತೆಗೀರಿ.

ಇಷ್ಟೆಲ್ಲ ಮಂಡೆಬಿಸಿ ಅನಿಸಿದ್ರೆ ಒಂದು ಕೆಲಸ ಮಾಡಿ. ಚೆಂಡೆಯ ಪೆಟ್ಟು ಒಂಟಿಯಾಗಿ ಬೀಳುವ ಹತ್ತು ಸೆಕೆಂಡಿನ ವೇವ್ ತುಂಡನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ನನಗೆ ಕಳಿಸಿ. ಜೋರು, ಸಾಲು ಎಲ್ಲ ನಾನು ಸರಿ ಮಾಡ್ತೇನೆ. ಹೆಸರು ಬದಲಿಸಿ ಹದಿನಾರು ಫೈಲ್ ವಾಪಸ್ ಕಳಿಸುವುದು ಮಗಳು. ಉತ್ತರದ ಚೀಟಿ ಅವಳ ಹತ್ತಿರ ಇರ್ತದೆ, ನನ್ನನ್ನು ಕೇಳಿ ಪ್ರಯೋಜನ ಇಲ್ಲ.