ಫ್ರೀಲ್ಯಾನ್ಸ್ ದರ: ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಕೆಲಸ ಬಿಟ್ಟು ಸ್ವತಂತ್ರವಾಗಿ ವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ಹಳೆಯ ವಾರ್ಷಿಕ ಸಂಬಳವನ್ನು 2,080 ಗಂಟೆಗಳಿಗೆ ಭಾಗಿಸಿ ದರ ಹೇಳುತ್ತೇನೆ. ಬಿಡುವಿಲ್ಲದೆ ದುಡಿದರೂ ಹಣ ಸಾಲುತ್ತಿಲ್ಲ, ಏಕೆ?

ಉತ್ತರ: ಆ 2,080 ಎಂದರೆ ವಾರಕ್ಕೆ 40 ಗಂಟೆಯಂತೆ 52 ವಾರ. ಸಂಬಳದಾರರಿಗೆ ರಜೆಗೂ ಹಣ ಬರುತ್ತದೆ, ನಿಮಗಿಲ್ಲ. ರಜೆ, ಕಾಯಿಲೆ, ಕೆಲಸವಿಲ್ಲದ ದಿನಗಳಿಗೆ 6 ವಾರ ಕಳೆದರೆ ಉಳಿಯುವುದು 1,840 ಗಂಟೆ. ಅದರಲ್ಲೂ ಗ್ರಾಹಕರನ್ನು ಹುಡುಕುವುದು, ಕೊಟೇಶನ್, ಬಿಲ್ಲು, ಬಾಕಿ ವಸೂಲಿಗೆ ಯಾರೂ ದುಡ್ಡು ಕೊಡುವುದಿಲ್ಲ. ಬಿಲ್ ಮಾಡಬಹುದಾದ್ದು ಶೇ 60 ಎಂದಿಟ್ಟುಕೊಳ್ಳಿ: ಸುಮಾರು 1,100 ಗಂಟೆ. ಭಾಗಿಸಬೇಕಾದ್ದು ಇದರಿಂದ, ಅದೂ ತೆರಿಗೆ, ವಿಮೆ, ಕಂಪ್ಯೂಟರ್, ಸಾಫ್ಟ್‌ವೇರ್ ಖರ್ಚನ್ನೆಲ್ಲ ಸಂಬಳಕ್ಕೆ ಕೂಡಿಸಿದ ಮೇಲೆ. ಮೊತ್ತ ನೋಡಿ ಗಾಬರಿಯಾಗಬೇಡಿ, ದರ ದುಪ್ಪಟ್ಟಾಗುವುದು ಸಹಜ.

ಆ್ಯಪ್ ಮೂಲಕ ಕೆಲಸ ಸಿಗುತ್ತಿದ್ದರೆ ಇನ್ನೊಂದು ಎಡವಟ್ಟು ಇದೆ. ಕಮಿಷನ್ ಶೇ 20 ಇದ್ದಾಗ 100ಕ್ಕೆ 20 ಸೇರಿಸಿ 120 ಕೇಳಿದರೆ ಕೈಗೆ ಬರುವುದು 96. 100 ಬೇಕಿದ್ದರೆ 0.8ರಿಂದ ಭಾಗಿಸಿ 125 ಕೇಳಬೇಕು.

ಒಟ್ಟು ಮೊತ್ತಕ್ಕೆ ಒಪ್ಪುವ ಕೆಲಸಗಳಲ್ಲಿ ಎಷ್ಟು ಸಲ ತಿದ್ದಿಕೊಡುತ್ತೀರಿ ಎಂಬುದನ್ನು ಮೊದಲೇ ಬರೆದುಕೊಡಿ. ಎರಡು ಸಲ ಸಾಕು. ಮೂರನೆಯದಕ್ಕೆ ಗಂಟೆಯ ದರ. ಹೊಸ ಗ್ರಾಹಕರಾದರೆ ಅರ್ಧ ಮುಂಗಡ ಬಂದ ಮೇಲೆಯೇ ಕೈ ಹಚ್ಚಿ.