ನಾನೇ ಕಟ್ಟಿದ ಓಪನ್-ಬ್ಯಾಕ್ (ಕಪ್‌ಗಳ ಹಿಂಬದಿ ತೆರೆದಿರುವ) ಹೆಡ್‌ಫೋನ್‌ನಲ್ಲಿ ಬೇಸ್ ಇಲ್ಲ. ಡ್ರೈವರ್ (ದನಿ ಹೊರಡಿಸುವ ಭಾಗ) ಬದಲಿಸಬೇಕೇ?

ಡ್ರೈವರ್‌ಗೆ ಈಗಲೇ ಕೈ ಹಾಕಬೇಡಿ. ಹಾಡು ಹಾಕಿಕೊಂಡು ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಬೇಸ್ ತುಂಬಿಕೊಂಡು ಬಂತೇ? ಹಾಗಾದರೆ ಪ್ಯಾಡ್ ಮತ್ತು ಕೆನ್ನೆಯ ನಡುವೆ ಗಾಳಿ ಸೋರುತ್ತಿದೆ. ಕನ್ನಡಕದ ಕಡ್ಡಿಯೂ ಇದಕ್ಕೆ ಸಾಕು.

ಡ್ರೈವರ್‌ನೊಳಗೆ ಕಂಪಿಸುವ ತೆಳು ಪೊರೆ, ಅಂದರೆ ಡಯಾಫ್ರಮ್, ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಎಳೆಯುತ್ತದೆ. ಹಿಂಬದಿ ತೆರೆದೇ ಇರಲಿ, ಆದರೆ ಈ ಎರಡು ಗಾಳಿ ಅಡ್ಡದಾರಿಯಲ್ಲಿ ಕೂಡಿಕೊಂಡರೆ ಒಂದನ್ನೊಂದು ಅಳಿಸಿಹಾಕುತ್ತವೆ, ಮೊದಲ ಪೆಟ್ಟು ಬೇಸ್‌ಗೇ. ನನ್ನ ಮೊದಲ ಜೋಡಿಯಲ್ಲಿ ಡ್ರೈವರ್ ಅಂಚಿನ ಅಂಟು ಒಂದು ಕಡೆ ಕೂದಲೆಳೆಯಷ್ಟು ಬಿಟ್ಟಿತ್ತು. ಅದನ್ನು ಹುಡುಕಲು ಎರಡು ವಾರ ಬೇಕಾಯಿತು! ಡ್ರೈವರ್ ಬೆನ್ನಿನ ಸಣ್ಣ ತೂತುಗಳಿಗೆ ಅಂಟು ಮೆತ್ತಿಕೊಂಡಿದ್ದರೂ ಬೇಸ್ ಇಳಿಯುತ್ತದೆ.

ಒತ್ತಿದರೂ ವ್ಯತ್ಯಾಸವಿಲ್ಲವೇ? ಮೋನೋದಲ್ಲಿ, ಅಂದರೆ ಎರಡೂ ಕಿವಿಗೆ ಒಂದೇ ದನಿ ಬರುವಂತೆ, ಕೇಳಿ. ದನಿ ತಲೆಯ ನಡುವೆ ನಿಲ್ಲದೆ ಚದುರಿದಂತಿದ್ದರೆ ಒಂದು ಕಡೆಯ ಪ್ಲಸ್-ಮೈನಸ್ ತಂತಿ ಅದಲುಬದಲಾಗಿರುತ್ತದೆ.

ಅಂದಹಾಗೆ, 1968ರ ಸೆನ್‌ಹೈಸರ್ ಎಚ್‌ಡಿ 414ರಂತೆ ಬರೀ ಸ್ಪಂಜಿನ ಪ್ಯಾಡ್ ಹಾಕಿದ್ದರೆ ಸೋರಿಕೆ ಇದ್ದದ್ದೇ. ಆಗ ಆಳದ ಬೇಸ್ ಆಸೆ ಬಿಡಿ, ಇಲ್ಲವೇ ಕಿವಿಯನ್ನು ಪೂರ್ತಿ ಸುತ್ತುವ ಪ್ಯಾಡ್ ಹಾಕಿ.