ಪೆಟ್ಟಾದ ತಲೆಗೆ ವ್ಯಾಯಾಮ ಯಾಕೆ?

ದಾವಣಗೆರೆಯ ಓದುಗರೊಬ್ಬರ ಪತ್ರ:

“ನನಗೆ 38 ವರ್ಷ. ಆರು ವಾರದ ಹಿಂದೆ ಹಂಪ್ಸ್ ಹತ್ತಿರ ಸ್ಕೂಟರ್ ಜಾರಿ ಬಿದ್ದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಕನ್ಕಷನ್ (ಪೆಟ್ಟಿಗೆ ಮೆದುಳು ಅಲುಗಿ ಆಗುವ ತೊಂದರೆ) ಅಷ್ಟೇ ಅಂದರು ಡಾಕ್ಟರು. ಅಮ್ಮನ ಮಾತಿನಂತೆ ಒಂದು ತಿಂಗಳು ಕಿಟಕಿ ಮುಚ್ಚಿಕೊಂಡು ಮಲಗಿದ್ದೆ. ಆಮೇಲೆ ನಿಮ್ಮ ಆರೋಗ್ಯ ಪುಟದಲ್ಲಿ ಇಂಥವರಿಗೆ ಏರೋಬಿಕ್ ವ್ಯಾಯಾಮ (ನಡಿಗೆ, ಓಟದಂತೆ ಎದೆಬಡಿತ ಏರಿಸುವಂಥದ್ದು) ಒಳ್ಳೆಯದು ಅಂತ ಓದಿದೆ. ತಲೆ ಹಗುರ ಅನಿಸಿದ ಒಂದು ಭಾನುವಾರ ಕುಂದುವಾಡ ಕೆರೆ ಏರಿಯ ಮೇಲೆ ಓಡಿದೆ. ಎರಡು ದಿನ ತಲೆ ಎತ್ತಲಾಗಲಿಲ್ಲ. ಅಮ್ಮ ನಿಮ್ಮ ಪತ್ರಿಕೆಗೇ ಬೈಯುತ್ತಿದ್ದಾರೆ. ಪೆಟ್ಟಾದ ತಲೆಗೆ ವ್ಯಾಯಾಮ ಯಾಕೆ? ನಾನು ಮತ್ತೆ ಶಟಲ್ ಆಡುವುದು ಯಾವಾಗ?”

ಸಂಪಾದಕರ ಉತ್ತರ:

ಅಮ್ಮನವರಿಗೆ ಮೊದಲು ನಮ್ಮ ನಮಸ್ಕಾರ ತಿಳಿಸಿ. ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದು ಅವರ ಮೊಂಡುತನ ಅಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ಡಾಕ್ಟರುಗಳೂ ಅದನ್ನೇ ಹೇಳುತ್ತಿದ್ದರು. 2015ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕನ್ಕಷನ್ ಆದ 11ರಿಂದ 22 ವರ್ಷದವರಲ್ಲಿ ಒಂದು ಗುಂಪಿಗೆ ಐದು ದಿನ ಪೂರ್ತಿ ವಿಶ್ರಾಂತಿ, ಇನ್ನೊಂದು ಗುಂಪಿಗೆ ಒಂದೆರಡು ದಿನ ಮಾತ್ರ. ಜಾಸ್ತಿ ಮಲಗಿದವರೇ ಜಾಸ್ತಿ ತೊಂದರೆ ಹೇಳಿಕೊಂಡರು. ಆಮೇಲೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಇದನ್ನು ಸ್ಪಷ್ಟವಾಗಿ ಹೇಳಿದರು: ಮೊದಲ ಎರಡು ದಿನ ಆರಾಮಾಗಿರಿ, ಮೊಬೈಲು ಟಿವಿ ಕಡಿಮೆ ಮಾಡಿ, ಆದರೆ ಮನೆಯೊಳಗಿನ ಓಡಾಟ ನಿಲ್ಲಿಸಬೇಡಿ. ಅದಾದ ಮೇಲೆ ಹಗುರವಾದ ನಡಿಗೆಯಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಿ.

ಇನ್ನು ನಿಮ್ಮ “ಯಾಕೆ”. ಕನ್ಕಷನ್ ಆದಾಗ ಸ್ಕ್ಯಾನ್‌ನಲ್ಲಿ ಏನೂ ಕಾಣದೇ ಇರುವುದು ಮಾಮೂಲು. ಕೆಟ್ಟಿರುವುದು ಮೆದುಳಿನ ಆಕಾರವಲ್ಲ, ಕೆಲಸ. ಅದರಲ್ಲೂ ಎದೆಬಡಿತವನ್ನು, ಮೆದುಳಿಗೆ ಹೋಗುವ ರಕ್ತವನ್ನು ಹದದಲ್ಲಿ ಇಡುವ ವ್ಯವಸ್ಥೆ ಲಯ ತಪ್ಪಿರುತ್ತದೆ. ಕೂತಾಗ ಚೆನ್ನಾಗೇ ಇರುವ ಮನುಷ್ಯ ಮೆಟ್ಟಿಲು ಹತ್ತಿದರೆ ತಲೆ ಸಿಡಿಯುತ್ತದೆ ಅನ್ನುವುದು ಇದಕ್ಕೇ. ಅಳತೆ ಇಟ್ಟು ದಿನಾ ಮಾಡುವ ವ್ಯಾಯಾಮದಿಂದ ಆ ಹದ ಮರಳುತ್ತದೆ ಅನ್ನುವುದು ಈಗಿನ ತಿಳಿವಳಿಕೆ. ಒಂದು ತಿಂಗಳು ಮಲಗಿಯೇ ಇದ್ದರೆ ನಿದ್ದೆ ಕೆಡುತ್ತದೆ, ಕಾಲು ಸೋಲುತ್ತದೆ, ಮನಸ್ಸು ಕುಗ್ಗುತ್ತದೆ. ಆಗ ಯಾವುದು ಪೆಟ್ಟಿನಿಂದ ಬಂದದ್ದು, ಯಾವುದು ಹಾಸಿಗೆಯಿಂದ ಬಂದದ್ದು ಅಂತ ಬೇರೆ ಮಾಡುವುದೇ ಕಷ್ಟ.

ಆದರೆ ಅಳತೆ ಅಂದೆವಲ್ಲ, ನಿಮ್ಮ ಭಾನುವಾರ ತಪ್ಪಿದ್ದು ಅಲ್ಲೇ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಮತ್ತು ಬ್ಯಾರಿ ವಿಲ್ಲರ್ ಇದಕ್ಕೊಂದು ಟ್ರೆಡ್‌ಮಿಲ್ ಪರೀಕ್ಷೆ ರೂಪಿಸಿದ್ದಾರೆ. ಚುರುಕಾಗಿ ನಡೆಸುತ್ತಾ ನಿಮಿಷಕ್ಕೊಮ್ಮೆ ಏರು ಸ್ವಲ್ಪ ಹೆಚ್ಚಿಸುತ್ತಾರೆ. ನಿಮಿಷಕ್ಕೊಮ್ಮೆ, ತೊಂದರೆ ಹತ್ತರಲ್ಲಿ ಎಷ್ಟು ಅಂತ ಕೇಳುತ್ತಾರೆ. ತೊಂದರೆ ಸ್ಪಷ್ಟವಾಗಿ ಏರಿದ ಕೂಡಲೇ ನಿಲ್ಲಿಸಿ ಆಗಿನ ಎದೆಬಡಿತ ಬರೆದುಕೊಳ್ಳುತ್ತಾರೆ. ಅದೇ ನಿಮ್ಮ ಮಿತಿ. ಆ ಸಂಖ್ಯೆಯ ಶೇ. 80ರಿಂದ 90ರ ಒಳಗೆ ದಿನಕ್ಕೆ 20 ನಿಮಿಷ ವ್ಯಾಯಾಮ. ಉದಾಹರಣೆಗೆ 130ಕ್ಕೆ ತಲೆನೋವು ಏರಿತು ಅಂದುಕೊಳ್ಳಿ, 104ರಿಂದ 117ರ ನಡುವೆ ಇರಬೇಕು. ಸ್ವಲ್ಪ ದಿನ ಬಿಟ್ಟು ಮತ್ತೆ ಅಳೆದು ಮಿತಿ ಏರಿಸುತ್ತಾರೆ. ಇದೇ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 103 ಹದಿಹರೆಯದ ಆಟಗಾರರಿದ್ದರು. ಹೀಗೆ ವ್ಯಾಯಾಮ ಮಾಡಿದವರು ಸುಮಾರು 13 ದಿನಕ್ಕೆ ಚೇತರಿಸಿಕೊಂಡರೆ, ಬರೀ ಸ್ಟ್ರೆಚಿಂಗ್ ಮಾಡಿದವರಿಗೆ 17 ದಿನ ಬೇಕಾಯಿತು. ಅವರು ಹುಡುಗರು, ನೀವು 38ರವರು, ಜೊತೆಗೆ ಆರು ವಾರ ಕಳೆದಿದೆ. ದೊಡ್ಡವರ ಮೇಲೆ ನಡೆದ ಅಧ್ಯಯನಗಳು ಚಿಕ್ಕವು, ಕಡಿಮೆ. ಹಾಗಾಗಿ ಇಷ್ಟೇ ದಿನಕ್ಕೆ ಗುಣ ಅಂತ ನಾವು ಲೆಕ್ಕ ಕೊಡುವುದಿಲ್ಲ. ದಾರಿ ಮಾತ್ರ ಇದೇ.

ಟ್ರೆಡ್‌ಮಿಲ್ ಪರೀಕ್ಷೆ ಸಿಗದಿದ್ದರೆ? ಆಮ್‌ಸ್ಟರ್‌ಡ್ಯಾಮ್ ತಜ್ಞರ ಸರಳ ಲೆಕ್ಕವೊಂದಿದೆ. 220ರಲ್ಲಿ ನಿಮ್ಮ ವಯಸ್ಸು ಕಳೆದರೆ 182, ಅದು ನಿಮ್ಮ ಎದೆಬಡಿತದ ಅಂದಾಜು ಗರಿಷ್ಠ. ಶುರುವಿನಲ್ಲಿ ಅದರ ಶೇ. 55, ಅಂದರೆ 100ರ ಆಸುಪಾಸು ದಾಟಬೇಡಿ. ಅದು ಸಲೀಸಾದ ಮೇಲೆ ಶೇ. 70, ಅಂದರೆ 127ರವರೆಗೆ. ಇದಕ್ಕೆ ಸ್ಮಾರ್ಟ್ ವಾಚು ಬೇಕಿಲ್ಲ, ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ತಲೆನೋವು ಚೂರು ಏರಿದರೆ ಹೆದರಬೇಡಿ. ಹತ್ತರಲ್ಲಿ ಎರಡು ಅಂಕದವರೆಗೆ ಏರಿ ಒಂದು ಗಂಟೆಯೊಳಗೆ ಇಳಿದರೆ ಅಡ್ಡಿಯಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಅವತ್ತಿಗೆ ಸಾಕು, ನಾಳೆ ಇನ್ನೂ ನಿಧಾನ. ಹಗುರ ಅನಿಸಿದ ದಿನ ಓಡಿ, ಆಮೇಲೆ ಎರಡು ದಿನ ಮಲಗುವುದಕ್ಕಿಂತ ದಿನಾ 15–20 ನಿಮಿಷ ಕೆರೆ ಏರಿ ಮೇಲೆ ನಡೆಯುವುದು ಎಷ್ಟೋ ಮೇಲು. ಜಿಮ್‌ನಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ತಲೆ ಕುಲುಕುವುದಿಲ್ಲ. ರಸ್ತೆಯ ಸೈಕಲ್ ಈಗ ಬೇಡ. ನಮ್ಮ ರಸ್ತೆಗಳ ವಿಷಯ ನಿಮಗೇ ಗೊತ್ತು.

ಶುರುಮಾಡುವ ಮುನ್ನ ಒಮ್ಮೆ ಡಾಕ್ಟರನ್ನು ಕಾಣಲೇಬೇಕು. ನಾಲ್ಕು ವಾರ ದಾಟಿಯೂ ತೊಂದರೆ ಉಳಿದಿದ್ದರೆ ಕತ್ತು, ಕಿವಿಯೊಳಗಿನ ಸಮತೋಲನ, ಕಣ್ಣು, ನಿದ್ದೆ ಎಲ್ಲವನ್ನೂ ನೋಡಿಸಬೇಕು. ಬಿದ್ದಾಗ ಕತ್ತು ಉಳುಕಿದ್ದರೂ ತಲೆನೋವು ಬರುತ್ತದೆ, ಅದಕ್ಕೆ ಬೇರೆಯೇ ಫಿಸಿಯೋಥೆರಪಿ. ತಲೆನೋವಿಗೆ ಪ್ರೊಪ್ರನಲಾಲ್ ಥರದ ಮಾತ್ರೆ ಕೊಟ್ಟಿದ್ದರೆ ಮೇಲಿನ ಲೆಕ್ಕ ನಡೆಯುವುದಿಲ್ಲ, ಅದು ಎದೆಬಡಿತವನ್ನೇ ಇಳಿಸುತ್ತದೆ. ಇನ್ನು ತಲೆನೋವು ದಿನೇ ದಿನೇ ಹೆಚ್ಚುತ್ತಿದ್ದರೆ, ಮತ್ತೆ ಮತ್ತೆ ವಾಂತಿ, ವಿಪರೀತ ಮಂಪರು, ಫಿಟ್ಸ್, ಒಂದು ಕಡೆಯ ಕೈಕಾಲು ಸೋತಂತೆ, ಮಾತು ತೊದಲಿದಂತೆ ಆದರೆ ವ್ಯಾಯಾಮದ ಮಾತೇ ಬೇಡ, ನೇರ ಆಸ್ಪತ್ರೆಗೆ. ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ವಾರಗಳ ನಂತರವೂ ತಲೆಯೊಳಗೆ ರಕ್ತ ಕಟ್ಟಿಕೊಳ್ಳಬಹುದು. ಈ ಸಾಲನ್ನು ಅಮ್ಮನವರೂ ಓದಲಿ.

ಶಟಲ್ ಕೊನೆಯಲ್ಲಿ. ಅದರಲ್ಲಿ ತಲೆ ಎತ್ತಿ, ಗಕ್ಕನೆ ತಿರುಗಿ ಆಡಬೇಕಲ್ವಾ? ತಲೆಸುತ್ತು ಉಳಿದಿರುವಾಗ ಬಿದ್ದು ಮತ್ತೊಂದು ಪೆಟ್ಟು ಮಾಡಿಕೊಳ್ಳುವುದು ಸುಲಭ. ಮೊದಲು ಜೋರು ನಡಿಗೆ, ಆಮೇಲೆ ಜಾಗಿಂಗ್, ಎರಡರಲ್ಲೂ ತೊಂದರೆ ಏರಬಾರದು. ಆಮೇಲೆ ಒಬ್ಬರೇ ಗೋಡೆಗೆ ಹೊಡೆದು ನೋಡಿ. ಡಾಕ್ಟರು ಸರಿ ಅಂದ ಮೇಲೆ ಸಿಂಗಲ್ಸ್. ಪಕ್ಕದವನ ರ‍್ಯಾಕೆಟ್ ತಲೆಗೆ ಬೀಳುವ ಡಬಲ್ಸ್ ಎಲ್ಲಕ್ಕಿಂತ ಆಮೇಲೆ.